ಎಂಬಿಬಿಎಸ್ ಸೀಟೋ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯೋ? ಜೇವರ್ಗಿಯಿಂದ ಒಂದು ಪ್ರಶ್ನೆ

ಭೀಮಾತೀರ (ಶನಿವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ನಾನು ಜೇವರ್ಗಿ ತಾಲ್ಲೂಕಿನವಳು, ವಯಸ್ಸು 23. ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಒಂದು ವರ್ಷದಿಂದ ಯಾದಗಿರಿ ಜಿಲ್ಲೆಯಲ್ಲಿ ಮಕ್ಕಳ ಪೌಷ್ಟಿಕತೆಯ ಸಮೀಕ್ಷೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಸಲ ಮೂರನೆಯ ಬಾರಿ ನೀಟ್ ಬರೆದೆ. ಅಂಕಗಳನ್ನು ನೋಡಿದವರೆಲ್ಲ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಲ್ಲಿ ಇರುವ ಮೀಸಲಾತಿಯಲ್ಲಿ ಸರ್ಕಾರಿ ಕಾಲೇಜಿನ ಸೀಟು ಸಿಗುತ್ತದೆ ಎನ್ನುತ್ತಿದ್ದಾರೆ. ಅದೇ ತಿಂಗಳು ಮುಂಬೈಯ ಒಂದು ಸಂಸ್ಥೆಯಿಂದ ಎರಡು ವರ್ಷದ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ) ಕೋರ್ಸಿಗೆ ಆಯ್ಕೆಯಾಗಿರುವ ಪತ್ರವೂ ಬಂದಿದೆ. ಹಣ ಕಟ್ಟಲು ಹದಿನೈದು ದಿನ ಇದೆ.

ಈ ಆಸೆ ಎಲ್ಲಿಂದ ಬಂತು ಎಂಬುದನ್ನು ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ನಾನು ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುತ್ತಿದ್ದೆ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಇಂಗ್ಲಿಷ್ ಪತ್ರಿಕೆ ಜೂನ್ 18ಕ್ಕೆ ಹೋಯಿತು. ಆ ಮೂರು ತಿಂಗಳು ಮನೆಯ ಕಟ್ಟೆಯ ಮೇಲೆ ಕುಳಿತು ನಾನು ನೋಡಿದ್ದು ನಮ್ಮ ಓಣಿಯ ಆಶಾ ಅಕ್ಕನನ್ನು. ಮುಂಬೈ, ಪುಣೆಗೆ ದುಡಿಯಲು ಹೋದವರು ಗುಂಪುಗುಂಪಾಗಿ ಮರಳುತ್ತಿದ್ದರು. ಅವರು ಬಂದ ದಿನ, ಜ್ವರ ಇದೆಯೇ ಇಲ್ಲವೇ, ಮನೆಯಲ್ಲಿ ಬಸುರಿಯರು ಯಾರಾದರೂ ಇದ್ದಾರೆಯೇ ಎಂಬುದನ್ನೆಲ್ಲ ಅಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕುಳಿತವರು ಹೇಳಿದ ಮಾತು ದಿಲ್ಲಿ, ಬೆಂಗಳೂರು ದಾಟಿ ಆ ನೋಟ್‌ಬುಕ್ಕಿನ ತನಕ ಬಂದಿತ್ತು. ಅಲ್ಲಿಂದ ಅಂಕಿಗಳು ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಜಾಗತಿಕ ಆರೋಗ್ಯ ಎಂದರೆ ಏನು ಎಂದು ನನಗೆ ಅಂದು ಹೊಳೆಯಿತು. ಆ ಕೆಲಸವನ್ನೇ ಮಾಡಬೇಕೆಂದಿದ್ದೇನೆ. ಅದಕ್ಕೆ ಡಾಕ್ಟರ್ ಆಗಲೇಬೇಕೇ?

ಅಪ್ಪ ತೊಗರಿ ಬೆಳೆಯುತ್ತಾರೆ. ಅವರಿಗೆ ಇದರಲ್ಲಿ ಪ್ರಶ್ನೆಯೇ ಇಲ್ಲ. ಮನೆಗೊಬ್ಬ ಡಾಕ್ಟರ್ ಬೇಕು, ಅಷ್ಟೆ.

ಚಿಂಚೋಳಿಯವ (ಶನಿವಾರ, ರಾತ್ರಿ 9:48)

ತಂಗಿ, ಕೈಗೆ ಬಂದ ತುತ್ತನ್ನು ಕೆಳಗಿಡಬೇಡ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ನಮ್ಮವರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ಎಂಟು ಎಂದು ಬರೆಸಿಕೊಳ್ಳಲು ಈ ಭಾಗದ ಹಿರಿಯರು ಎಷ್ಟು ವರ್ಷ ಹೋರಾಡಿದರು ಎಂಬುದು ನಿನಗೆ ಗೊತ್ತು. 2012ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ನನ್ನ ಅಣ್ಣನ ಕಾಲಕ್ಕೆ ಆ ಸೌಲಭ್ಯ ಇರಲಿಲ್ಲ. ಅವನ ಕನಸು ಅಲ್ಲಿಗೇ ಮುಗಿಯಿತು. ಎಸಿ (ಉಪವಿಭಾಗಾಧಿಕಾರಿ) ಕಚೇರಿಯ 371(ಜೆ) ಪ್ರಮಾಣಪತ್ರ ಸಿದ್ಧವಾಗಿಟ್ಟುಕೊ. ಎಂಪಿಎಚ್ ಆಮೇಲೂ ಮಾಡಬಹುದು, ಎಂಬಿಬಿಎಸ್ ಆಮೇಲೆ ಬರುವುದಿಲ್ಲ.

ಗುತ್ತಿಗೆ ಸಂಖ್ಯಾಶಾಸ್ತ್ರಿ, ಯಾದಗಿರಿ (ಶನಿವಾರ, ರಾತ್ರಿ 10:30)

ನಾನು ಎಂಪಿಎಚ್ ಮಾಡಿದವನು. ಆರು ವರ್ಷದಿಂದ ಆರೋಗ್ಯ ಇಲಾಖೆಯ ಅಭಿಯಾನದಲ್ಲಿ ಗುತ್ತಿಗೆಯ ಮೇಲೆ ಇದ್ದೇನೆ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಊರಿನಿಂದ ವಾಂತಿಭೇದಿ ಪ್ರಕರಣಗಳು ಬರತೊಡಗಿದವು. ಮನೆಗಳ ಪಟ್ಟಿ ಮಾಡಿ, ಯಾವ ನಳದ ನೀರು ಕುಡಿದವರಿಗೆ ಹೆಚ್ಚು ಎಂದು ಲೆಕ್ಕ ಹಾಕಿ, ಚರಂಡಿಯ ಪಕ್ಕ ಒಡೆದಿದ್ದ ಪೈಪನ್ನು ಗುರುತು ಹಾಕಿಕೊಟ್ಟವನು ನಾನು. ವರದಿಗೆ ಸಹಿ ಹಾಕುವ ಅಧಿಕಾರ ನನಗಿಲ್ಲ. ಸಹಿ ಮಾಡಬೇಕಾದವರು ರಜೆಯಲ್ಲಿದ್ದರು. ಪೈಪ್ ದುರಸ್ತಿಯಾಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಆ ಊರಿನ ಜನ ಅದೇ ನೀರು ಕುಡಿದರು. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಹುದ್ದೆಗಳಿಗೆ ವೈದ್ಯರೇ ಬೇಕು. ಪೋಲಿಯೊ ಕಣ್ಗಾವಲಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದಲ್ಲಿ ನೇಮಿಸುವ ವೈದ್ಯಾಧಿಕಾರಿಗಳ ಕೆಲಸಕ್ಕೂ ಎಂಬಿಬಿಎಸ್ ಕೇಳುತ್ತಾರೆ. ನಮ್ಮಂಥವರಿಗೆ ಒಂದೊಂದು ವರ್ಷದ ಕರಾರು, ಒಂದು ದಿನದ ವಿರಾಮ, ಮತ್ತೆ ಕರಾರು. ಕೆಲಸ ನನಗೆ ಪ್ರಾಣ. ಆದರೆ ನನ್ನ ತಂಗಿ ಈ ಪ್ರಶ್ನೆ ಕೇಳಿದ್ದರೆ ಸೀಟು ತೆಗೆದುಕೊ ಎನ್ನುತ್ತಿದ್ದೆ.

ಡಾಕ್ಟರಮ್ಮ, ಗುರುಮಠಕಲ್ ಕಡೆಯವರು (ಭಾನುವಾರ, ಬೆಳಿಗ್ಗೆ 6:15)

ಮೇಲಿನ ಇಬ್ಬರೂ ಹೇಳಿದ್ದು ನಿಜ. ಆದರೂ ನಾನು ಬೇರೆ ಮಾತು ಹೇಳಬೇಕಾಗಿದೆ. ನಾನು ಎಂಬಿಬಿಎಸ್ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಬತ್ತು ವರ್ಷ ದುಡಿದು, ಆಮೇಲೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದವಳು.

ತಂಗಿ, "ಎಂಬಿಬಿಎಸ್ ಮೊದಲು, ಎಂಪಿಎಚ್ ಆಮೇಲೆ" ಎಂದು ಹೇಳುವುದು ಸುಲಭ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನೀನು ಹೊರಬರುವಾಗ ಇಪ್ಪತ್ತೊಂಬತ್ತು. ಆ ಹೊತ್ತಿಗೆ ನಿನ್ನ ಸುತ್ತಲಿನವರೆಲ್ಲ ನೀಟ್ ಪಿಜಿಗೆ ಓದುತ್ತಿರುತ್ತಾರೆ. ರೇಡಿಯಾಲಜಿ, ಚರ್ಮರೋಗ, ಮೂಳೆ ಎಂಬ ಮಾತು ಬಿಟ್ಟರೆ ಊಟದ ಮೇಜಿನ ಬಳಿ ಇನ್ನೊಂದು ಮಾತಿರುವುದಿಲ್ಲ. ಹಳ್ಳಿಗೆ ಹೋಗುತ್ತೇವೆ, ಊರೂರು ಸುತ್ತುತ್ತೇವೆ ಎಂದು ಮೊದಲ ವರ್ಷ ಹೇಳುತ್ತಿದ್ದ ನನ್ನ ಗೆಳತಿಯರು ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ಮಾತನ್ನೇ ಮರೆತಿದ್ದರು. ಅವರು ಕೆಟ್ಟವರಲ್ಲ. ಐದು ವರ್ಷ ಬೆಳಗಿನಿಂದ ರಾತ್ರಿಯ ತನಕ ಹಾಸಿಗೆಯ ಮೇಲೆ ಮಲಗಿದ ಒಬ್ಬ ರೋಗಿಯನ್ನೇ ನೋಡುತ್ತ ಬಂದರೆ ಮನಸ್ಸಿಗೆ ಅದೇ ರೂಢಿಯಾಗುತ್ತದೆ. ಆ ರೋಗಿ ಯಾವ ಬಾವಿಯ ನೀರು ಕುಡಿದ ಎಂದು ಕೇಳಲು ಅಲ್ಲಿ ಯಾರೂ ಕಲಿಸುವುದಿಲ್ಲ. ಕಲಿಸಿದರೂ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು.

ಎರಡೂ ಓದಿ ದೊಡ್ಡ ಕೆಲಸ ಮಾಡಿದವರು ಇದ್ದಾರೆ. ಮಹಾರಾಷ್ಟ್ರದ ಅಭಯ್ ಬಂಗ್, ರಾಣಿ ಬಂಗ್ ದಂಪತಿ ವೈದ್ಯರಾದ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎಂಪಿಎಚ್ ಮಾಡಿ 1986ರಲ್ಲಿ ಗಡ್ಚಿರೋಲಿಗೆ ಹೋಗಿ ನೆಲೆಸಿದರು. ನವಜಾತ ಶಿಶುಗಳನ್ನು ಉಳಿಸುವ ವಿದ್ಯೆಯನ್ನು ಹಳ್ಳಿಯ ಹೆಂಗಸರಿಗೇ ಕಲಿಸಿ, ಅದರ ಫಲಿತಾಂಶವನ್ನು ಲೆಕ್ಕ ಹಾಕಿ 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ನಿಮ್ಮ ಓಣಿಯ ಆಶಾ ಅಕ್ಕ ಬಾಣಂತಿಯ ಮನೆಗೆ ಹೋಗಿ ಮಗುವನ್ನು ತೂಗುತ್ತಾರಲ್ಲ, ಅದರ ಬೇರು ಅಲ್ಲಿದೆ. ಆದರೆ ಅವರ ಆ ಕೆಲಸದಲ್ಲಿ ಮುಖ್ಯವಾದದ್ದು ಯಾವುದು ಎಂದು ಯೋಚಿಸು. ಔಷಧ ಹೊಸದಾಗಿರಲಿಲ್ಲ. ಅದನ್ನು ಯಾರ ಕೈಗೆ ಕೊಡಬೇಕು ಎಂಬ ಯೋಚನೆ ಹೊಸದಾಗಿತ್ತು.

ಇನ್ನೊಂದು ಕಡೆ, 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿರುವ ಟೆಡ್ರೋಸ್ ಅವರು ವೈದ್ಯರಲ್ಲ. ಜೀವಶಾಸ್ತ್ರ ಓದಿ, ಸಮುದಾಯ ಆರೋಗ್ಯದಲ್ಲಿ ಪಿಎಚ್‌ಡಿ ಮಾಡಿದವರು. ವೈದ್ಯರಲ್ಲದವರು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು.

ಹಾಗಾಗಿ ನಿನಗೆ ಒಂದು ಪ್ರಶ್ನೆ. ಆ ಒಂದು ವರ್ಷದ ಸಮೀಕ್ಷೆಯಲ್ಲಿ ನಿನ್ನ ಮನಸ್ಸಿನಿಂದ ಇಳಿಯದೇ ಉಳಿದಿರುವ ಒಂದು ಘಟನೆಯನ್ನು ಇಲ್ಲಿ ಬರೆ. ಚೆನ್ನಾಗಿ ಬರೆಯಬೇಕೆಂದೇನಿಲ್ಲ, ನೆನಪಿರುವ ಹಾಗೆ ಬರೆ.

ನಿವೃತ್ತ ಮೇಷ್ಟ್ರು, ಸುರಪುರ (ಭಾನುವಾರ, ಮಧ್ಯಾಹ್ನ 12:40)

ನಾನು ಆರೋಗ್ಯ ಓದಿದವನಲ್ಲ, ವಿಜ್ಞಾನ ಕಲಿಸಿದವನು. ಮಗಳ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ನಾರುಹುಣ್ಣು ಇತ್ತು. ಇಂದಿನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ. ನಮ್ಮ ಮುತ್ಯಾನ ಮೊಣಕಾಲಿನ ಕೆಳಗೆ ಬೊಬ್ಬೆ ಎದ್ದು ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳ ಹೊರಬಂದಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಸುತ್ತು ಎಳೆಯುತ್ತಿದ್ದರು. ಅವಸರ ಮಾಡಿದರೆ ಹುಳ ತುಂಡಾಗಿ ಕಾಲೆಲ್ಲ ಕೀವು. ಅವ್ವ ಬೆಳಿಗ್ಗೆ ದೀಪದ ಎಣ್ಣೆ ಸವರಿ, ಉಸಿರು ಬಿಗಿ ಹಿಡಿದು ಆ ಕಡ್ಡಿ ತಿರುಗಿಸುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಆ ಕಾಲನ್ನು ತೊಳೆಯಲು ಮುತ್ಯಾ ಮೆಟ್ಟಿಲು ಬಾವಿಗೇ ಇಳಿಯುತ್ತಿದ್ದರು. ಹುಳ ಮರಿ ಹಾಕುವುದು ಆ ನೀರಿನಲ್ಲಿ ಎಂದು ಯಾರಿಗೂ ತಿಳಿದಿರಲಿಲ್ಲ. ಮರಿಯನ್ನು ನೀರಿನ ಸಣ್ಣ ಕೀಟ ನುಂಗುತ್ತದೆ, ಆ ನೀರನ್ನು ನಾವು ಕುಡಿಯುತ್ತೇವೆ, ಮುಂದಿನ ವರ್ಷ ಇನ್ನೊಬ್ಬರ ಕಾಲು.

ಅದಕ್ಕೆ ಔಷಧ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಈಗಲೂ ಇಲ್ಲ. 1980ರ ದಶಕದಲ್ಲಿ ಸರ್ಕಾರ ಕಾರ್ಯಕ್ರಮ ಹಾಕಿಕೊಂಡು ಬೋರ್‌ವೆಲ್ ಕೊರೆಸಿತು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿತು, ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿಸಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಂದು ಗುಳಿಗೆ ಇಲ್ಲದೆ ಹೋದ ರೋಗ ಅದು.

ಹಾಗೆಂದು ಎಲ್ಲವೂ ಮುಗಿದಿಲ್ಲ. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದ್ದದ್ದು ನಿಮಗೆಲ್ಲ ತಿಳಿದಿರಬಹುದು. ಹತ್ತಿರದಲ್ಲೇ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿ ಇದೆ. ಅಂಗೈ ಗಡುಸಾಗಿ, ಮೈಮೇಲೆ ಕಪ್ಪು ಚುಕ್ಕೆ ಎದ್ದವರನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದರೆ ಮುಲಾಮು ಕೊಡುತ್ತಾರೆ. ಮುಲಾಮು ಹಚ್ಚಿಕೊಂಡು ಬಂದು ಮತ್ತೆ ಅದೇ ನೀರು ಕುಡಿದರೆ? ಅಲ್ಲಿ ಬೇಕಾದದ್ದು ನೀರು ಪರೀಕ್ಷೆ ಮಾಡುವವರು, ಆ ಅಂಕಿಯನ್ನು ಹಿಡಿದು ಬೇರೆ ನೀರು ಬರುವ ತನಕ ಕಚೇರಿ ಕಚೇರಿ ತಿರುಗುವವರು. ಮಗಳೇ, ನೀನು ಯಾವುದನ್ನಾದರೂ ಓದು. ಆದರೆ ತಿರುಗುವವರು ನಮಗೆ ಕಡಿಮೆ ಇದ್ದಾರೆ.

ಭೀಮಾತೀರ (ಭಾನುವಾರ, ರಾತ್ರಿ 11:05)

ಮೇಷ್ಟ್ರೇ, ಮೇಡಂ, ಅಣ್ಣಂದಿರೇ, ಎಲ್ಲರಿಗೂ ಕೈ ಮುಗಿಯುತ್ತೇನೆ. ಮೇಡಂ ಕೇಳಿದ್ದಕ್ಕೆ ಉತ್ತರ.

ವಡಗೇರಾ ಕಡೆಯ ಒಂದು ತಾಂಡಾ. ಒಂದೂವರೆ ವರ್ಷದ ಹುಡುಗಿ. ನಮ್ಮ ಹತ್ತಿರ ತೋಳಿಗೆ ಸುತ್ತುವ ಪಟ್ಟಿ ಇರುತ್ತದೆ, ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಆ ಮಗುವಿನ ತೋಳಿನ ಅಳತೆ ಕೆಂಪಿನೊಳಗೆ ಇನ್ನೂ ಒಂದು ಬೆರಳಿನಷ್ಟು ಹೋಯಿತು. ಪಟ್ಟಿ ಸಡಿಲವಾಗಿದೆಯೇನೋ ಎಂದು ಮೂರು ಸಲ ಸುತ್ತಿದೆ. ಮಗು ಅಳಲಿಲ್ಲ, ನನ್ನ ಕೈಯನ್ನೇ ನೋಡುತ್ತಿತ್ತು. ಅಳದಿದ್ದುದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದೆವು. ಹದಿನಾಲ್ಕು ದಿನ ಇರಬೇಕು. ನಾಲ್ಕನೆಯ ದಿನ ನಾನು ಹೋದಾಗ ಹಾಸಿಗೆ ಖಾಲಿ. ತಾಯಿ ಮಗುವನ್ನು ಎತ್ತಿಕೊಂಡು ಹೋಗಿದ್ದಳು. ತಾಂಡಾಕ್ಕೆ ಹೋಗಿ ಕೇಳಿದೆ. ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳು, ಅತ್ತೆಗೆ ಕಣ್ಣು ಕಾಣುವುದಿಲ್ಲ, ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಹತ್ತಿ ಬಿಡಿಸುವ ಕಾಲ. ಕೂಲಿಯ ಬದಲು ಕೇಂದ್ರದಲ್ಲಿ ಹಣ ಕೊಡುತ್ತಾರಲ್ಲ ಎಂದೆ. ಅವಳು, "ಅದು ಆಮೇಲೆ ಖಾತೆಗೆ ಬರುತ್ತದೆ ಅಕ್ಕಾ, ಹಿಟ್ಟು ಇವತ್ತು ಬೇಕು" ಎಂದಳು. ಒಲೆಯ ಪಕ್ಕದಲ್ಲಿ ಜೋಳದ ಹಿಟ್ಟಿನ ಡಬ್ಬಿ ತೆರೆದಿತ್ತು. ತಳ ಕಾಣುತ್ತಿತ್ತು.

ಆಮೇಲೆ ನಾನು ಸುಮ್ಮನಿರಲಿಲ್ಲ. ನಮ್ಮ ಸಮೀಕ್ಷೆಯ ಹಾಳೆಗಳಲ್ಲಿ ಕೇಂದ್ರದಿಂದ ಅರ್ಧಕ್ಕೇ ಹೊರಟುಹೋದ ತಾಯಂದಿರನ್ನೆಲ್ಲ ಹುಡುಕಿ, ಯಾವ ತಿಂಗಳು, ಮನೆಯಲ್ಲಿ ಬೇರೆ ಮಕ್ಕಳೆಷ್ಟು, ಗಂಡ ಊರಲ್ಲಿದ್ದನೇ ಎಂದು ಪಟ್ಟಿ ಮಾಡತೊಡಗಿದೆ. ನನ್ನ ಮೇಲ್ವಿಚಾರಕರು ಇದು ನಿನ್ನ ಕೆಲಸವಲ್ಲ ಎಂದರು. ರಾತ್ರಿ ಮನೆಯಲ್ಲಿ ಮಾಡಿದೆ. ಪಟ್ಟಿ ನನ್ನ ಹತ್ತಿರ ಇದೆ. ಅದರಿಂದ ಏನು ತಿಳಿಯುತ್ತದೆ, ಎಷ್ಟು ಜನರಿದ್ದರೆ ಅದನ್ನು ನಂಬಬಹುದು, ನನಗೆ ಗೊತ್ತಿಲ್ಲ.

ಬೀದರ್ ಹುಡುಗ, ಈಗ ಹೊರದೇಶದಲ್ಲಿ (ಸೋಮವಾರ, ಬೆಳಗಿನ ಜಾವ 2:10)

ಔರಾದ್‌ನವನು. ದಂತವೈದ್ಯಕೀಯ ಓದಿ, ಆಮೇಲೆ ಯುರೋಪಿನಲ್ಲಿ ಎಂಪಿಎಚ್ ಮಾಡಿ ಈಗ ಆಫ್ರಿಕಾದ ಒಂದು ದೇಶದಲ್ಲಿ ಲಸಿಕೆ ಕಾರ್ಯಕ್ರಮದಲ್ಲಿದ್ದೇನೆ. ಹೊರಗಿನ ಕೆಲಸದ ಬಗ್ಗೆ ಯಾರೂ ಬರೆಯದ ಕಾರಣ ಎರಡು ಮಾತು.

ಇಲ್ಲಿ ನನ್ನ ತಂಡದಲ್ಲಿ ವೈದ್ಯರಿದ್ದಾರೆ, ಶುಶ್ರೂಷಕಿಯರಿದ್ದಾರೆ, ಶೀತಲ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಇದ್ದಾನೆ, ಲೆಕ್ಕದವರಿದ್ದಾರೆ. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಚ್ಚು ಕೇಳಿದ್ದು ಔರಾದ್ ತಾಲ್ಲೂಕಿನಲ್ಲಿ ನಾನು ಮಾಡಿದ್ದ ಮೂರು ವರ್ಷದ ಕೆಲಸದ ಬಗ್ಗೆ. ವೈದ್ಯ ಪದವಿ ಇದ್ದರೂ ಬೇರೆ ದೇಶದಲ್ಲಿ ರೋಗಿಯನ್ನು ಮುಟ್ಟಲು ಅಲ್ಲಿನ ಪರವಾನಗಿ ಬೇಕು. ಹಾಗಾಗಿ ನಮ್ಮ ತಂಡದ ವೈದ್ಯರೂ ದಿನವಿಡೀ ಮಾಡುವುದು ಯೋಜನೆ, ತರಬೇತಿ, ಅಂಕಿಗಳ ಕೆಲಸವನ್ನೇ.

ಹೊರಗೆ ಓದುವ ಆಸೆಯಿದ್ದರೆ ಸಾಲ ಮಾಡಬೇಡಿ, ವಿದ್ಯಾರ್ಥಿವೇತನ ಹುಡುಕಿ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ನಿಮಗೆ ಅದು ಕಷ್ಟವೇನಲ್ಲ.

ಹುಮನಾಬಾದಿನ ತಂದೆ (ಸೋಮವಾರ, ಸಂಜೆ 7:00)

ನಾನೂ ಮಗಳನ್ನು ಓದಿಸುತ್ತಿರುವವನು, ನಿಮ್ಮ ತಂದೆಯ ಪರವಾಗಿ ಬರೆಯುತ್ತೇನೆ. ಎಂಪಿಎಚ್ ಎಂದರೆ ಏನು ಎಂದು ನಾಲ್ಕು ಜನರಿಗೆ ತಿಳಿಸಿ ಹೇಳುವುದೇ ನಮಗೆ ಕಷ್ಟ. ಮಗಳು ಮುಂಬೈಗೆ ಹೋಗಿ ಏನು ಓದುತ್ತಾಳೆ ಎಂದು ಸಂತೆಯಲ್ಲಿ ಕೇಳಿದರೆ ಏನು ಹೇಳಲಿ? ಸರ್ಕಾರಿ ಸೀಟು ಎಂದರೆ ಶುಲ್ಕ ಕಡಿಮೆ, ಮರ್ಯಾದೆ ಹೆಚ್ಚು, ಕೆಲಸ ಖಾತ್ರಿ. ಈ ಮೂರನ್ನೂ ಬಿಡು ಎಂದು ಮಗಳು ಕೇಳುವಾಗ ತಂದೆಗೆ ಆಗುವ ಸಂಕಟವನ್ನು ಇಲ್ಲಿ ಯಾರೂ ಬರೆದಿಲ್ಲ. ಅವರ ಮೇಲೆ ಸಿಟ್ಟಾಗಬೇಡಮ್ಮಾ. ಕುಳಿತು ಮಾತಾಡು.

ಡಾಕ್ಟರಮ್ಮ, ಗುರುಮಠಕಲ್ ಕಡೆಯವರು (ಸೋಮವಾರ, ರಾತ್ರಿ 9:30)

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ತಾಯಿಯ ಬಗ್ಗೆ, ಅತ್ತೆಯ ಕಣ್ಣಿನ ಬಗ್ಗೆ, ಹಿಟ್ಟಿನ ಡಬ್ಬಿಯ ಬಗ್ಗೆ ಬರೆದಿದ್ದೀಯ. ಕೇಂದ್ರದಲ್ಲಿ ಮಗುವಿಗೆ ಯಾವ ಆಹಾರ ಕೊಟ್ಟರು, ಸೋಂಕು ಇತ್ತೇ, ರಕ್ತಹೀನತೆ ಎಷ್ಟಿತ್ತು ಎಂದು ಒಂದು ಸಾಲೂ ಇಲ್ಲ. ನೀನು ನರ್ಸಿಂಗ್ ಓದಿದವಳು, ನಿನಗೆ ಅದೆಲ್ಲ ಗೊತ್ತಿರುತ್ತದೆ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಇದು ತಪ್ಪು ಸರಿಯ ಮಾತಲ್ಲ. ನಿನ್ನ ಕಣ್ಣು ತಾನಾಗಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೋರಿಸುತ್ತಿದ್ದೇನೆ.

ಗುತ್ತಿಗೆಯ ತಮ್ಮ ಸಹಿಯ ಮಾತು ಹೇಳಿದ. ಅದು ನನ್ನನ್ನೂ ನೋಯಿಸಿತು. ಆದರೆ ನಾನು ಸಹಿಯ ಅಧಿಕಾರ ಇದ್ದವಳು. ಒಂದು ಊರಿನ ನೀರಿನ ಬಗ್ಗೆ ಮೂರು ಪತ್ರ ಬರೆದೆ, ಮುದ್ರೆ ಹಾಕಿ ಕಳಿಸಿದೆ, ಉತ್ತರ ಬರಲಿಲ್ಲ. ನೀರು ಬೇರೆ ಇಲಾಖೆಯದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಬಿಸಿಯೂಟ ಶಿಕ್ಷಣ ಇಲಾಖೆಯದು. ಆ ಕಡೆ ಡಾಕ್ಟರ ಸಹಿಗೆ ಬೆಲೆಯಿಲ್ಲ, ಅಂಕಿಗೆ ಇದೆ.

2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗಲಾಟೆ ಎದ್ದಿತು, ನೆನಪಿದೆಯೇ? ಆಮೇಲೆ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ, ಮೊಟ್ಟೆ ಕೊಡದ ಗದಗಿನ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ತಕ್ಕಡಿ, ಅಳತೆಪಟ್ಟಿ, ಸರಿಯಾಗಿ ಹಾಕಿದ ಲೆಕ್ಕ. ನೀನು ರಾತ್ರಿ ಮನೆಯಲ್ಲಿ ಕುಳಿತು ಮಾಡಿದ ಪಟ್ಟಿಯೂ ಅದೇ ಜಾತಿಯದು.

ಗುತ್ತಿಗೆ ಸಂಖ್ಯಾಶಾಸ್ತ್ರಿ, ಯಾದಗಿರಿ (ಸೋಮವಾರ, ರಾತ್ರಿ 10:15)

ಮೇಡಂ, ಒಪ್ಪುತ್ತೇನೆ, ಅರ್ಧ. ಮೂವತ್ತೈದಕ್ಕೆ ಕಾಲಿಟ್ಟ ಮೇಲೆ ಪ್ರತಿ ಮಾರ್ಚ್‌ನಲ್ಲಿ ಕರಾರು ಮುಂದುವರಿಯುತ್ತದೆಯೇ ಎಂದು ಕಾಯುವುದು ಹೇಗಿರುತ್ತದೆ ಎಂಬುದನ್ನೂ ಆಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನರ್ಸಿಂಗ್ ಪದವಿ ಇರುವುದರಿಂದ ಆಕೆಗೆ ನನಗಿಂತ ಗಟ್ಟಿ ನೆಲ ಇದೆ ಎಂಬುದು ಒಂದು ಸಮಾಧಾನ. ಬೇರೆ ಏನೂ ಆಗದಿದ್ದರೆ ಶುಶ್ರೂಷಾಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದು, ಅಲ್ಲಿಯೂ 371(ಜೆ) ಇದೆ.

ಭೀಮಾತೀರ (ಮುಂದಿನ ಭಾನುವಾರ, ಸಂಜೆ 6:30)

ಒಂದು ವಾರ ಉತ್ತರಿಸಲಿಲ್ಲ, ಕ್ಷಮಿಸಿ. ಹುಮನಾಬಾದಿನ ಕಾಕಾ ಹೇಳಿದಂತೆ ಅಪ್ಪನ ಜೊತೆ ಕುಳಿತು ಮಾತಾಡಿದೆ. ಹೊಲದಲ್ಲಿ, ಬದುವಿನ ಮೇಲೆ. ಮೊದಲ ಎರಡು ದಿನ ಅವರು ಮಾತೇ ಆಡಲಿಲ್ಲ.

ಮೂರನೆಯ ದಿನ ಆ ತಾಂಡಾದ ತಾಯಿಯ ಕಥೆ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಇದು ನೆಟೆ ರೋಗದ ಹಾಗೆ" ಎಂದರು. 2022ರಲ್ಲಿ ನಮ್ಮ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತ್ತು. ಗಿಡಕ್ಕೆ ಎಷ್ಟು ಔಷಧ ಹೊಡೆದರೂ ಉಳಿಯಲಿಲ್ಲ. ರೋಗ ಇದ್ದದ್ದು ಮಣ್ಣಿನಲ್ಲಿ. ನೆಟೆ ತಡೆಯುವ ಟಿಎಸ್-3ಆರ್ ಬೀಜ ತಂದು, ಬೆಳೆ ಬದಲಿಸಿ, ಹೊಲ ದಾರಿಗೆ ಬಂದದ್ದು ಎರಡು ವರ್ಷದ ಮೇಲೆ. "ನೀನು ಗಿಡದ ಡಾಕ್ಟರ್ ಆಗುವುದಿಲ್ಲ, ಮಣ್ಣು ನೋಡುತ್ತೇನೆ ಎನ್ನುತ್ತೀಯ" ಎಂದರು. ಹೌದಪ್ಪಾ ಎಂದೆ. "ಅದಕ್ಕೆ ಪಗಾರ ಕಡಿಮೆಯೇ?" ಎಂದರು. ಈಗ ಕಡಿಮೆಯೇ ಎಂದೆ, ಸುಳ್ಳು ಹೇಳಲಿಲ್ಲ. ಅವರು ಒಪ್ಪಿದ್ದಾರೆ. ಸಂತೋಷದಿಂದ ಅಲ್ಲ. ಅವ್ವ ಇನ್ನೂ ಅಳುತ್ತಿದ್ದಾಳೆ.

ಸೀಟು ಆಯ್ಕೆಯ ಸುತ್ತಿಗೆ ನಾನು ಹೆಸರು ಕೊಡುವುದಿಲ್ಲ. ಸೀಟು ಹಿಡಿದಿಟ್ಟುಕೊಂಡು ಆಮೇಲೆ ಬಿಟ್ಟರೆ ನಮ್ಮ ಭಾಗದ ಇನ್ನೊಬ್ಬ ಹುಡುಗಿಗೆ ತೊಂದರೆ. ಚಿಂಚೋಳಿಯ ಅಣ್ಣನಿಗೆ ಇದು ಬೇಸರ ತರುತ್ತದೆ ಎಂದು ಗೊತ್ತು. ನಿಮ್ಮ ಅಣ್ಣನ ಮಾತು ನಾನು ಮರೆಯುವುದಿಲ್ಲ.

ನಿನ್ನೆ ಆ ತಾಂಡಾಕ್ಕೆ ಹೋಗಿದ್ದೆ. ಮಗು ನಡೆಯುತ್ತಿದೆ. ತೋಳು ಹಳದಿಗೆ ಬಂದಿದೆ, ಹಸಿರಿಗೆ ಇನ್ನೂ ದೂರ.

ಒಂದೇ ಭಯ. ಸಂಖ್ಯಾಶಾಸ್ತ್ರದಲ್ಲಿ ನಾನು ಬಹಳ ಹಿಂದೆ. ತರಗತಿ ಶುರುವಾಗಲು ಆರು ವಾರ ಇದೆ. ಕಲಿಸಿಕೊಡುವವರು ಯಾರಾದರೂ ಇದ್ದೀರಾ?

ಗುತ್ತಿಗೆ ಸಂಖ್ಯಾಶಾಸ್ತ್ರಿ, ಯಾದಗಿರಿ (ಭಾನುವಾರ, ಸಂಜೆ 6:52)

ನಾನಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಯಾದಗಿರಿಯ ಜಿಲ್ಲಾ ಗ್ರಂಥಾಲಯದಲ್ಲಿ. ಮನೆಯವರನ್ನೂ ಕರೆದುಕೊಂಡು ಬನ್ನಿ. ಅರ್ಧಕ್ಕೆ ಹೊರಟುಹೋದ ತಾಯಂದಿರ ಪಟ್ಟಿ ತನ್ನಿ, ಆದರೆ ಅದರಲ್ಲಿ ಹೆಸರು, ಊರು ಇದ್ದರೆ ಮೊದಲು ತೆಗೆದುಹಾಕಿ ಅಂಕಿ ಮಾತ್ರ ಉಳಿಸಿ. ಅ ಆ ಇ ಈ ಅಲ್ಲಿಂದಲೇ ಶುರು ಮಾಡೋಣ.